ಏಳನೇ ಕಿಲೋಮೀಟರಿನ ಗಾಜು

ಮಾರ್ಚ್ 4, ಮಂಗಳವಾರ

5.50ಕ್ಕೆ ಬಿಟ್ಟೆ. ನಾಲ್ಕು ಡಿಗ್ರಿ, ಬೆರಳು ಮರಗಟ್ಟಿತ್ತು. ಕೆಳಗಿನ ಊರು ಪಿಯೇನಾದ ಹಳೇ ಕಲ್ಲುಸೇತುವೆ ದಾಟಿ ಎಡಕ್ಕೆ. ಮೂರನೇ ಕಿಲೋಮೀಟರಿನಲ್ಲಿ ಕಾಂಕ್ರೀಟಿನ ತಡೆ, ‘ರಸ್ತೆ ಮುಚ್ಚಿದೆ’ ಬೋರ್ಡು. ಎರಡನ್ನೂ ಹಾಕಿಸಿದವಳು ನಾನೇ. ಸೈಕಲ್ ಎತ್ತಿ ಆಚೆಗಿಟ್ಟೆ. ಅಲ್ಲಿಂದ ಮೇಲಿನ ಊರು ಮೊಂಟಾರ್ಸೊವರೆಗೆ ಎಂಟು ಕಿಲೋಮೀಟರ್, ಒಂದೇ ಒಂದು ಕಾರಿಲ್ಲ. ಎಂಟೂ ನನ್ನವು.

ಡಾಂಬರಿನ ಮೇಲೆ ಓಕ್ ಎಲೆ, ಕಾಡುಹಂದಿ ಕೆದಕಿದ ಮಣ್ಣು. ಆಲಿವ್ ತೋಟ ಮುಗಿದು ಚೆಸ್ಟ್‌ನಟ್ ಮರ ಶುರುವಾಗುವ ತಿರುವಿನಲ್ಲಿ ಉಸಿರು ಹದಕ್ಕೆ ಬಂತು. ಮೊಣಕೈಯೊಳಗಿನ ಲೋಹದ ಪ್ಲೇಟು ಚಳಿಗೆ ಜುಂ ಅನ್ನುತ್ತದೆ. ಪರವಾಗಿಲ್ಲ.

ಏಳನೇ ಕಿಲೋಮೀಟರಿನಲ್ಲಿ ಇಳಿದೆ. ಎರಡು ವರ್ಷದ ಹಿಂದೆ ನವೆಂಬರ್ ಮಳೆಗೆ ಅರ್ಧ ರಸ್ತೆ ಕಣಿವೆಗೆ ಜಾರಿದ ಜಾಗ. ಉಳಿದರ್ಧ ಹೊತ್ತು ನಿಂತ ಗೋಡೆಯಲ್ಲಿ ಉದ್ದಕ್ಕೆ ಬಿರುಕು. ಬಿರುಕಿಗೆ ಅಡ್ಡವಾಗಿ ನಾನು ಸಿಮೆಂಟಿನಲ್ಲಿ ಕೂರಿಸಿದ ಮೂರು ಗಾಜಿನ ಪಟ್ಟಿ, ಮೇಲೆ ಮಾರ್ಕರಿನಲ್ಲಿ ದಿನಾಂಕ — ಕಳೆದ ವರ್ಷದ ಫೆಬ್ರವರಿ 12. ಗುಡ್ಡ ಅಲುಗಿದರೆ ಗಾಜು ಒಡೆಯುತ್ತದೆ. ರಸ್ತೆ ಆಫೀಸಿನ ಸರ್ವೆಯರ್ ಆಗಿ ಇಪ್ಪತ್ತಾರು ವರ್ಷ, ಇದಕ್ಕಿಂತ ಸುಳ್ಳು ಹೇಳದ ಉಪಕರಣ ಕಂಡಿಲ್ಲ.

ಮೂರೂ ಸರಿ ಇವೆ. ಅದನ್ನು ಈ ಪುಸ್ತಕದ ಮುಂಭಾಗದ, ಆಫೀಸಿನ ಪುಟಗಳಲ್ಲಿ ಬರೆದೆ. ಹಿಂದಿನ ಪುಟಗಳು ನನಗೆ.

ಒಂದು ವರ್ಷ ಗಾಜು ತಡೆದರೆ ಒಂದು ಸಾಲು ವಾಹನಕ್ಕೆ ರಸ್ತೆ ಬಿಡಬಹುದು — ನಿಯಮ. ವರ್ಷವಾಗಿ ಮೂರು ವಾರ. ವರದಿಯಲ್ಲಿ ಏನು ಬರೆದೆ? ‘ಇನ್ನೂ ಆರು ತಿಂಗಳು ಗಮನಿಸುವುದು ಸೂಕ್ತ.’ ಗುಡ್ಡಕ್ಕಾಗಿ ಬರೆದದ್ದಲ್ಲ. ನನಗಾಗಿ ಬರೆದದ್ದು. ಇಲ್ಲಾದರೂ ನಿಜ ಬರೆಯಬೇಕಲ್ಲ.

ಮಾರ್ಚ್ 9, ಭಾನುವಾರ

ಮೊಂಟಾರ್ಸೊ ದಾಟಿ ಮೇಲಿನ ಪುಟ್ಟ ಪ್ರಾರ್ಥನಾಮಂದಿರದವರೆಗೆ. ಇಳಿಯುವಾಗ ಎದೆಗೆ ಹಳೇ ಪೇಪರ್ ತುರುಕಿಕೊಂಡೆ, ಅಪ್ಪ ಮಾಡುತ್ತಿದ್ದ ಹಾಗೆ. ಯಾವ ದುಬಾರಿ ಜಾಕೆಟ್ಟೂ ಗಾಳಿಯನ್ನು ಇಷ್ಟು ತಡೆಯುವುದಿಲ್ಲ.

ಊರಿನ ನಲ್ಲಿಯ ಹತ್ತಿರ ಬಾಟಲಿ ತುಂಬಿಸುವಾಗ ಡೆಲ್ಫೀನಾ ಕರೆದು ಕಾಫಿ ಕೊಟ್ಟರು. ಎಪ್ಪತ್ನಾಲ್ಕು ವರ್ಷ. ಮೊಂಟಾರ್ಸೊದಲ್ಲಿ ಈಗ ಇರುವುದೇ ಇಪ್ಪತ್ತೆರಡು ಜನ, ಅವರೆಲ್ಲರ ಲೆಕ್ಕ ಇಟ್ಟಿರುವವರು ಈಕೆ. ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಈ ರಸ್ತೆಯಲ್ಲಾದರೆ ಆಸ್ಪತ್ರೆಗೆ ಮೂವತ್ತೈದು ನಿಮಿಷ. ಮುಚ್ಚಿರುವುದರಿಂದ ಆಂಬುಲೆನ್ಸ್ ಹಿಂದಿನ ಕಣಿವೆ ಸುತ್ತಿ ಬರಬೇಕು. ಒಂದೂವರೆ ಗಂಟೆ. ಹೋಗುವಾಗ ಒಂದೂವರೆ, ಬರುವಾಗ ಒಂದೂವರೆ.

“ನೂರ ಎಂಬತ್ತೊಂದು ತಿರುವು ಕಣೇ. ಎಣಿಸಿದೀನಿ. ನೂರ ಹತ್ತನೇದಕ್ಕೆ ವಾಂತಿ ಬರುತ್ತೆ, ಗಡಿಯಾರ ನೋಡೋದೇ ಬೇಡ.”

ನಕ್ಕೆ. ನಗಬಾರದಿತ್ತು.

“ನಿನಗೆ ನಮ್ಮ ಕೆಳಗಿನ ರಸ್ತೆ ತುಂಬಾ ಇಷ್ಟ ಅಲ್ವೇನೆ?” ಅಂದರು. ಮಾತಿಗೆ ಕೇಳಿದ್ದು, ಮೊನಚೇನೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಆಯಿತು ನನಗೆ. ಗುಡ್ಡ, ನೀರು, ನಿಯಮ ಅಂತ ಏನೇನೋ ಒದರಿದೆ. ಆಕೆ ನಿನ್ನೆಯ ಮಹಿಳಾ ದಿನಕ್ಕೆ ಗಂಡ ತಂದಿದ್ದ ಮಿಮೋಸಾ ಹೂವಿನಲ್ಲಿ ಒಂದು ಕಡ್ಡಿ ಮುರಿದು ನನ್ನ ಹ್ಯಾಂಡಲಿಗೆ ಸಿಕ್ಕಿಸಿದರು.

ಇಳಿಯುವಾಗ ಹಳದಿ ಪುಡಿಯೆಲ್ಲ ಗ್ಲೌಸಿನ ಮೇಲೆ.

ಮಾರ್ಚ್ 20, ಗುರುವಾರ

ನಿದ್ದೆ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತ ಅಮ್ಮ ಬೈಯುತ್ತಿದ್ದಳು. ಈಗ ಚಕ್ರ ಹಾಸಿಗೆಯಲ್ಲೂ ತಿರುಗುತ್ತದೆ.

ಬೇರೆ ರಸ್ತೆಗೆ ಹೋಗಬಹುದಲ್ಲ? ಹೋಗಲಾರೆ. ಸೆಪ್ಟೆಂಬರಿನಲ್ಲಿ ಸಮುದ್ರದ ಬದಿಯ ದಾರಿಯಲ್ಲಿ ವ್ಯಾನಿನ ಕನ್ನಡಿ ಮೊಣಕೈಗೆ ಬಡಿಯಿತು. ವ್ಯಾನು ನಿಲ್ಲಲಿಲ್ಲ. ಪ್ಲೇಟು, ಆರು ಸ್ಕ್ರೂ, ಜನವರಿವರೆಗೆ ಮನೆ. ಈಗ ಹಿಂದಿನಿಂದ ಎಂಜಿನ್ ಸದ್ದು ಕೇಳಿದರೆ ಕೈ ಹ್ಯಾಂಡಲ್ ಬಿಡುತ್ತದೆ, ನನ್ನ ಮಾತು ಕೇಳುವುದಿಲ್ಲ. ಐವತ್ತೊಂದನೇ ವಯಸ್ಸಿನಲ್ಲಿ ಇದೊಂದು. ಯಾರಿಗೂ ಹೇಳಿಲ್ಲ. ಸೈಕಲ್ ತುಳಿಯದಿದ್ದರೆ ನಾನು ಮನುಷ್ಯಳಾಗಿ ಇರುವುದಿಲ್ಲ, ತುಳಿಯಲು ಉಳಿದಿರುವುದು ಆ ಎಂಟು ಕಿಲೋಮೀಟರ್.

ಅಷ್ಟಕ್ಕಾಗಿ ಒಬ್ಬ ಹೆಂಗಸನ್ನು ವಾರಕ್ಕೆ ಮೂರು ಸಲ ನೂರ ಎಂಬತ್ತೊಂದು ತಿರುವು ಸುತ್ತಿಸುತ್ತಿದ್ದೇನೆ.

ಏಪ್ರಿಲ್ 11, ಶುಕ್ರವಾರ

ಮಂಗಳವಾರ ವಾಪಸ್ ಬರುವಾಗ ಡೆಲ್ಫೀನಾಗೆ ಹಿಂದಿನ ಕಣಿವೆಯ ತುತ್ತತುದಿಯಲ್ಲಿ ಬಿಪಿ ಬಿದ್ದು ಪ್ರಜ್ಞೆ ತಪ್ಪಿತಂತೆ. ಫೋನ್ ಸಿಗ್ನಲ್ ಇಲ್ಲದ ಜಾಗ. ಡ್ರೈವರ್ ರಸ್ತೆ ಮಧ್ಯೆ ನಿಲ್ಲಿಸಿ ಕಾಲೆತ್ತಿ ಹಿಡಿದು ಇಪ್ಪತ್ತು ನಿಮಿಷ ನಿಂತಿದ್ದ. ಪಿಯೇನಾದ ಬಾರಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ. ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಗೊತ್ತಾಗುವ ಹಾಗೆ ನೋಡಲಿಲ್ಲ.

ಆಫೀಸಿಗೆ ಹೋದವಳೇ ಹೊಸ ವರದಿ. ‘ಹದಿನಾಲ್ಕು ತಿಂಗಳಿಂದ ಗಾಜು ಭಗ್ನವಾಗಿಲ್ಲ. ಚಲನೆ ಇಲ್ಲ. ಮೂರೂವರೆ ಟನ್ನಿನೊಳಗಿನ ವಾಹನಕ್ಕೆ ಒಂದು ಸಾಲು ಬಿಡಬಹುದು.’ ಸಹಿ — ನಿವೆಸ್ ರೆಬಾವ್ಡೊ. ಇಂಜಿನಿಯರ್ ಗಾಂಡೋಲ್ಫೊ ಕನ್ನಡಕದ ಮೇಲಿನಿಂದ ನೋಡಿದರು.

“ಫೆಬ್ರವರಿಯಲ್ಲಿ ಆರು ತಿಂಗಳು ಬೇಕು ಅಂದಿದ್ರಿ.”

“ಈಗ ಬೇಡ ಅಂತಿದೀನಿ.”

“ಗುಡ್ಡ ಬದಲಾಯ್ತಾ, ನೀವು ಬದಲಾದ್ರಾ?”

“ಗುಡ್ಡ ಹಾಗೇ ಇದೆ ಸರ್.”

ಹಗುರಾಯಿತು. ಸಂಜೆ ಹೊಟ್ಟೆ ತುಂಬ ಕಡಲೆಹಿಟ್ಟಿನ ಫರಿನಾಟ ತಿಂದೆ. ಆಮೇಲೆ ಅತ್ತುಬಿಟ್ಟೆ.

ಮೇ 3, ಶನಿವಾರ

ರಸ್ತೆ ತೆರೆಯಿತು. ಮೇಯರ್, ಪಾದ್ರಿ, ರಿಬ್ಬನ್. ಮೊದಲ ಗಾಡಿ ಡೆಲ್ಫೀನಾ ಇದ್ದ ಆಂಬುಲೆನ್ಸ್. ಕಿಟಕಿ ಇಳಿಸಿ ನನ್ನ ಕೆನ್ನೆ ಹಿಂಡಿದರು. “ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀನಿ ಕಣೇ. ಎರಡು ವರ್ಷ ಆಯ್ತು, ಶನಿವಾರ ಮನೇಲಿ ಉಂಡು.” ಗಂಡ ಅಂಪೇಲಿಯೊ ಪಕ್ಕದಲ್ಲಿ ಮದುವೆಗೆ ಹೊರಟವನ ಹಾಗೆ ಕೋಟು ಹಾಕಿ ಕೂತಿದ್ದರು. ಐವತ್ತು ವರ್ಷ ಕಲ್ಲುಗೋಡೆ ಕಟ್ಟಿದ ಮೇಸ್ತ್ರಿ, ಕೋಟಿನಲ್ಲಿ ಗುರುತೇ ಸಿಗಲಿಲ್ಲ.

ಖುಷಿಯಾಯಿತು. ನಿಜವಾಗಿ. ಹಿಂದೆಯೇ ಹನ್ನೊಂದು ಮೋಟರ್‌ಸೈಕಲ್ ಬುರ್ರೆಂದು ಹೋದವು.

ಮೇ 10, ಶನಿವಾರ

ಐದೂವರೆಗೇ ಹೋದೆ, ಯಾರೂ ಇರುವುದಿಲ್ಲ ಅಂತ. ಐದನೇ ಕಿಲೋಮೀಟರಿನಲ್ಲಿ ಹಿಂದೆ ಬ್ರೆಡ್ಡಿನ ವ್ಯಾನು. ಮೆಲ್ಲಗೆ, ಮರ್ಯಾದೆಯಿಂದ ಬರುತ್ತಿದ್ದ ಪಾಪ. ಇಳಿದು ಗೋಡೆಗೆ ಒರಗಿ ನಿಂತೆ. ಕೈ ನಡುಗುವುದು ನಿಲ್ಲಲು ಎಷ್ಟು ಹೊತ್ತು ಹಿಡಿಯಿತೋ. ನಡೆದುಕೊಂಡೇ ವಾಪಸ್.

ಮೇ 14

ಅಡುಗೆಮನೆಯಲ್ಲಿ ಸೈಕಲ್ಲನ್ನು ರೋಲರ್ ಮೇಲೆ ನಿಲ್ಲಿಸಿ ನಲವತ್ತು ನಿಮಿಷ ತುಳಿದೆ. ಎಲ್ಲಿಗೂ ಹೋಗಲಿಲ್ಲ. ಕೆಳಗಿನ ಮನೆಯವರು ಪೊರಕೆಯಿಂದ ಸೂರು ಕುಟ್ಟಿದರು.

ಮೇ 18, ಭಾನುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೊರಟಿದ್ದೆ. ಕಾರಿಲ್ಲ. ಬೆಟ್ಟದ ಮೈ ಪೂರ್ತಿ ಹಳದಿ ಹೂ. ಏಳನೇ ಕಿಲೋಮೀಟರಿನಲ್ಲಿ ಅಂಪೇಲಿಯೊ ಬದಿಗೋಡೆಯ ಬಿದ್ದ ಕಲ್ಲು ಕೂರಿಸುತ್ತಿದ್ದರು. ಯಾರೂ ಹೇಳಿದ್ದಲ್ಲ. ಬಿದ್ದ ಕಲ್ಲು ಕಂಡರೆ ಅವರಿಗೆ ತಡೆಯುವುದಿಲ್ಲ.

“ಏನ್ ಸರ್ವೆಯರಮ್ಮ, ಭಾನುವಾರಾನೂ ಡ್ಯೂಟೀನಾ?”

“ಇಲ್ಲ ಮಾಮ, ಕಾಲಿಗೆ ಕೆಲಸ ಬೇಕಿತ್ತು.”

“ನಿನ್ನ ಗಾಜು ಸರಿಯಿದ್ಯಾ ನೋಡ್ಕೊಂಡ್ಯಾ? ನಾನೂ ಆಗಾಗ ಇಳಿದು ನೋಡ್ತಿರ್ತೀನಿ. ನೀನು ಕೈ ಮುರ್ಕೊಂಡು ಮಲಗಿದ್ದಾಗ ಒಡೆದಿತ್ತು. ಹೊಸದು ಹಾಕ್ದೆ.”

ತಮಾಷೆ ಅಂದುಕೊಂಡೆ. “ಯಾವುದು?”

“ಮಧ್ಯದ್ದು. ಅಕ್ಟೋಬರಲ್ಲಿ ಒಂದ್ಸಲ. ನವೆಂಬರಲ್ಲಿ, ಸಂತ ಮಾರ್ಟಿನ್ ಹಬ್ಬದ ಹೊತ್ತಿಗೆ ಇನ್ನೊಂದ್ಸಲ. ಕ್ರಿಸ್‌ಮಸ್ ಮಳೇಲಿ ಅದೂ ಹೋಯ್ತು, ಕೆಳಗಿನದೂ ಹೋಯ್ತು. ಕೋಳಿಗೂಡಿನ ಕಿಟಕಿ ಗಾಜು ಬಿಚ್ಚಿ ಕತ್ತರಿಸಿದೆ. ಸುಣ್ಣದ ಗಾರೆ. ನಿನ್ನ ಸಿಮೆಂಟ್‌ಗಿಂತ ವಾಸಿ.”

“ದಿನಾಂಕ?”

“ನಿನ್ನ ದಿನಾಂಕಾನೇ ಬರ್ದೆ. ಮತ್ತಿನ್ನೇನು, ನನ್ನ ಹುಟ್ಟಿದ ದಿನ ಬರೀಲಾ?”

ಕೋಪ ಬರಲಿಲ್ಲ. ಯಾಕೆ ಅಂತ ಕೇಳಿದೆ ಅಷ್ಟೆ. ಮೂರ್ಖ ಪ್ರಶ್ನೆ ಕೇಳಿದವಳ ಹಾಗೆ ನೋಡಿದರು. ಇಗರ್ಜಿ ಪಕ್ಕದ ಮನೆಯ ಬಾಗಿಲ ಮೇಲೆ 1583 ಅಂತ ಕೆತ್ತಿದ ಕಲ್ಲು ಇದೆಯಲ್ಲ, ಅದನ್ನು ಕೂರಿಸಿದ್ದು ತಾನೇ ಅಂತೆ, 1981ರಲ್ಲಿ. “ಕಲ್ಲು ಸೀಳಿದ್ರೆ ಕಲ್ಲು ಬದಲಾಯಿಸ್ತೀವಿ. ಇಸವಿ ಯಾಕೆ ಬದಲಾಯಿಸ್ಬೇಕು? ಮನೆ ಹುಟ್ಟಿದ್ದು ಆವಾಗ ತಾನೆ?”

ನೂರು ಸಲ ಆ ಬಾಗಿಲ ಕೆಳಗೆ ಸೈಕಲ್ ತಳ್ಳಿಕೊಂಡು ಹೋಗಿದ್ದೇನೆ. ಎಷ್ಟು ಹಳೇ ಕಲ್ಲು ಅಂತ ಮುಟ್ಟಿದ್ದೇನೆ ಕೂಡ.

ಇಳಿದು ಮಧ್ಯದ ಗಾಜು ನೋಡಿದೆ. ಗೊತ್ತಾದ ಮೇಲೆ ಕಾಣುತ್ತದೆ — ಗಾರೆ ಬೆಳ್ಳಗಿದೆ, ದಿನಾಂಕದ ‘2’ ಅಂಕಿಯ ಬಾಲ ನನ್ನ ಕೈಯದಲ್ಲ. ಜನವರಿಯಲ್ಲಿ ಬಂದಾಗ ಗಾಜು ಒಡೆದಿಲ್ಲ ಅನ್ನುವುದಷ್ಟನ್ನೇ ನೋಡಿದ್ದೆ. ಅಂದರೆ ಗುಡ್ಡ ಪ್ರತಿ ದೊಡ್ಡ ಮಳೆಗೂ ಜರುಗುತ್ತಿದೆ. ನನ್ನ ಸ್ವಾರ್ಥದ ಸುಳ್ಳು ಇಷ್ಟು ದಿನ ಅವರನ್ನು ಕಾಪಾಡಿತು. ನನ್ನ ಪ್ರಾಮಾಣಿಕ ಸಹಿ ಅವರನ್ನು ಅದರ ಮೇಲೆ ಓಡಾಡಿಸುತ್ತಿದೆ.

ಮೇಲೆ ಬಂದು ಹೇಳಿದೆ, ಗಾಜು ಯಾಕೆ ಹಾಕುತ್ತಾರೆ ಅಂತ. ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು.

“ಹಂದಿ ಒಡೆದಿರ್ಬೇಕು ಅನ್ಕೊಂಡೆ.” ಆಮೇಲೆ, “ಮತ್ತೆ ಮುಚ್ತೀಯಾ?”

“ಮುಚ್ಚಬೇಕು ಮಾಮ.”

“ಅವಳು ಈಗ ತಿಂತಿದಾಳೆ ಕಣಮ್ಮ. ಎರಡು ಕಿಲೋ ಹೆಚ್ಚಾಗಿದಾಳೆ. ನಾನು ಗಾಜು ಗೀಜು ಏನೂ ಹಾಕಿಲ್ಲ. ಕೇಳಿದ್ರೆ ಹಾಗೇ ಹೇಳ್ತೀನಿ.”

ಮೇ 19, ಸೋಮವಾರ

ಮಧ್ಯದ ಗಾಜನ್ನೂ ಕೆಳಗಿನದನ್ನೂ ತೆಗೆದು ಹೊಸದು ಕೂರಿಸಿದೆ. ಇಂದಿನ ದಿನಾಂಕ.

ಗಾಂಡೋಲ್ಫೊ ಬಾಗಿಲು ಹಾಕಿಕೊಂಡು ಕೇಳಿಸಿಕೊಂಡರು. “ಮುದುಕ ಬರೆದುಕೊಡ್ತಾನಾ?” ಇಲ್ಲ ಅಂದೆ. “ಅಂದ್ರೆ ಸಾಕ್ಷಿ ನಿಮ್ಮ ಮಾತಷ್ಟೇ. ಬೇರೆ ಗಾರೆ, ಬೇರೆ ಕೈಬರಹ ಅಂದ್ರೆ ಅದನ್ನೂ ನೀವೇ ಹಾಕಿದ್ದು ಅಂತಾರೆ. ಫೆಬ್ರವರಿಯಲ್ಲಿ ಬೇಡ, ಏಪ್ರಿಲ್‌ನಲ್ಲಿ ಬೇಕು, ಮೇನಲ್ಲಿ ಬೇಡ. ನೀವು ಆ ರಸ್ತೇಲಿ ಸೈಕಲ್ ತುಳೀತಿದ್ದದ್ದು ಇಡೀ ಪಿಯೇನಾಗೆ ಗೊತ್ತು. ನಾನು ನಂಬಿದ್ರೂ ಯಾರು ನಂಬ್ತಾರೆ?” ಬೇಸಿಗೆ ಒಣಗಿರುತ್ತದೆ, ಅಕ್ಟೋಬರಿಗೆ ನೋಡೋಣ ಅಂದರು. ತಪ್ಪು ಮಾತೇನಲ್ಲ.

ತೋಳ ಬಂತು ತೋಳ ಅಂದ ಹುಡುಗನ ಕಥೆ. ಅವನು ಸುಳ್ಳನಾದರೂ ಆಗಿದ್ದ. ನಾನು ಅದೂ ಸರಿಯಾಗಿ ಅಲ್ಲ.

ಮೇ 20, ರಾತ್ರಿ

ನನಗೇ ನನ್ನ ಮೇಲೆ ನಂಬಿಕೆಯಿಲ್ಲ. ಮುಚ್ಚಬೇಕು ಅಂತ ಹೇಳುತ್ತಿರುವುದು ಸರ್ವೆಯರೋ, ಗೋಡೆಗೆ ಒರಗಿ ನಡುಗಿದವಳೋ? ಅಂಪೇಲಿಯೊ ಗಾಜಿನ ವಿಷಯ ಹೇಳಿದಾಗ ಭಯದ ಜೊತೆ ಇನ್ನೂ ಏನೋ ಆಗಿತ್ತು. ಹಿಗ್ಗು. ಅದೂ ನಿಜ.

ಮೇ 21, ಬುಧವಾರ

ಹವಾಮಾನದವರು ಕಿತ್ತಳೆ ಎಚ್ಚರಿಕೆ ಕೊಟ್ಟಿದ್ದಾರೆ. ಸಂಜೆಯಿಂದ ನಾಳೆ ರಾತ್ರಿವರೆಗೆ ಮಳೆ, ನೂರು ಮಿಲಿಮೀಟರ್. ಈ ವಾರ ತುರ್ತು ಡ್ಯೂಟಿ ನನ್ನದು. ಅಪಾಯ ಕಂಡರೆ ಯಾರನ್ನೂ ಕೇಳದೆ ರಸ್ತೆ ಮುಚ್ಚುವ ಅಧಿಕಾರ ಇದೆ. ಗಾಂಡೋಲ್ಫೊಗೆ ಫೋನ್ ಮಾಡಿದೆ. “ನಿಮ್ಮ ಸಹಿ, ನಿಮ್ಮ ತಲೆ,” ಅಂದರು.

ನಾಲ್ಕಕ್ಕೆ ಲಾರಿ, ಇಬ್ಬರು ಕೆಲಸದವರು. ಈ ಸಲ ತಡೆಯನ್ನು ಕುಸಿದ ಜಾಗದ ಎರಡು ತುದಿಗೇ ಹಾಕಿಸಿದೆ. ಮಧ್ಯೆ ಅರವತ್ತು ಮೀಟರ್. ಆಂಬುಲೆನ್ಸ್ ಕೆಳಗಿನಿಂದ ಆ ತುದಿಯವರೆಗೆ ಬರಲಿ, ಅಂಪೇಲಿಯೊ ತಮ್ಮ ಮೂರು ಚಕ್ರದ ಆಪೆ ಗಾಡಿಯಲ್ಲಿ ಹೆಂಡತಿಯನ್ನು ಈ ತುದಿಗೆ ತರಲಿ, ಅರವತ್ತು ಮೀಟರ್ ನಡೆಸೋಣ. ಆಂಬುಲೆನ್ಸಿನವರು ಒಪ್ಪಿದರು. ಜೋರು ಮಳೆಯಲ್ಲಿ ಮಾತ್ರ ನಡೆಸುವುದಿಲ್ಲ — ನಾಳೆ ಗುರುವಾರ, ನಾಳೆ ಮಟ್ಟಿಗೆ ಹಳೇ ಸುತ್ತು.

ಮೊಂಟಾರ್ಸೊಗೆ ಹೋಗಿ ಬಾಗಿಲಲ್ಲಿ ನಿಂತು ಹೇಳಿದೆ. ಅಂಪೇಲಿಯೊ ಒಳಗೆ ಎದ್ದು ಹೋದರು. ಡೆಲ್ಫೀನಾ ಬಟಾಣಿ ಸುಲಿಯುವುದು ನಿಲ್ಲಿಸಲಿಲ್ಲ.

“ನಿನ್ನ ರಸ್ತೆ ನೀನು ತಗೊಂಡೆ.”

“ಡೆಲ್ಫೀನಾ, ಗುಡ್ಡ—”

“ಅಂಪೇಲಿಯೊ ಕೋಳಿಗೂಡಿನ ಗಾಜು ಮುಟ್ಟೇ ಇಲ್ಲ ಅಂತಾನೆ. ಐವತ್ತೆರಡು ವರ್ಷ ಜೊತೆಗೆ ಬಾಳಿದ ಗಂಡನ್ನ ನಂಬಲಾ, ಸೈಕಲ್ ಮೇಲೆ ಬರೋಳನ್ನ ನಂಬಲಾ? ನಲ್ಲಿ ನೀರು ತುಂಬಿಸ್ಕೊಂಡು ಹೋಗು. ನೀರಿಗೆ ಬೇಡ ಅನ್ನಲ್ಲ.”

ಬಾಟಲಿ ತುಂಬಿಸಲಿಲ್ಲ.

ಮೇ 23, ಶುಕ್ರವಾರ

ತೊಂಬತ್ನಾಲ್ಕು ಮಿಲಿಮೀಟರ್ ಸುರಿಯಿತು. ಹೊಳೆ ಕೆಂಪಾಗಿ ಬಂದಿದೆ. ಮಳೆ ನಿಂತ ಕೂಡಲೇ ಸೈಕಲ್ ಹತ್ತಿದೆ, ಹತ್ತುವಾಗ ಪೂರ್ತಿ ಒಂದೇ ಮಾತು ತಲೆಯಲ್ಲಿ — ಒಡೆದಿರಲಿ, ಒಡೆದಿರಲಿ. ಮೂರನೇ ತಿರುವಿನಲ್ಲಿ ಗೊತ್ತಾಯಿತು ಏನು ಬೇಡಿಕೊಳ್ಳುತ್ತಿದ್ದೇನೆ ಅಂತ. ಗುಡ್ಡ ಕುಸಿಯಲಿ, ನಾನು ಗೆಲ್ಲಲಿ.

ಗಾಜು ಒಡೆದಿಲ್ಲ. ಒಂದು ಗೀರೂ ಇಲ್ಲ.

ಪಿಯೇನಾದ ಬಾರಿನಲ್ಲಿ ಈಗ ಕಾಫಿ ತಾನಾಗಿ ಬರುವುದಿಲ್ಲ, ಎರಡು ಸಲ ಕೇಳಬೇಕು. ಗಾಂಡೋಲ್ಫೊ ಫೋನ್. “ತೆಗೀತೀರಾ?” ಒಂದು ಮಳೆಗೆ ತಡೆದದ್ದು ಸಾಲದು, ಗುಡ್ಡದೊಳಗೆ ನೀರು ನಿಧಾನ ಇಳಿಯುತ್ತದೆ, ತೆಗೆಯುವುದಿಲ್ಲ ಅಂದೆ. ಹೇಳಿದ್ದು ಸರಿ. ಸರಿ ಅಂತ ಗೊತ್ತು. ಇಡೀ ದಿನ ಕೋಣೆಯಿಂದ ಕೋಣೆಗೆ ಓಡಾಡಿದೆ.

ಮೇ 24, ಶನಿವಾರ, 8.25

ಏಳನೇ ಕಿಲೋಮೀಟರಿನ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಆಪೆ ಏಳೂವರೆಗೆ ಬಂತು. ಅಂಪೇಲಿಯೊ ಇಳಿಯಲಿಲ್ಲ, ಸ್ಟಿಯರಿಂಗ್ ಹಿಡಿದು ನೇರ ಮುಂದೆ ನೋಡುತ್ತಿದ್ದರು. ಡೆಲ್ಫೀನಾ ನನ್ನ ಕೈ ಹಿಡಿಯಲು ಒಪ್ಪಲಿಲ್ಲ. ಸೈಕಲ್ ಮುಂದಕ್ಕೆ ತಂದೆ. ಸ್ಯಾಡಲ್ ಹಿಡಿದುಕೊಂಡರು. ನಾನು ಹ್ಯಾಂಡಲ್ ಹಿಡಿದು ತಳ್ಳಿದೆ, ಆಕೆಯ ಹೆಜ್ಜೆಗೆ ಸರಿಯಾಗಿ. ಇಷ್ಟು ನಿಧಾನ ಆ ಸೈಕಲ್ ಯಾವತ್ತೂ ಹೋಗಿಲ್ಲ.

ಅರ್ಧದಲ್ಲಿ ನಿಂತರು. ಉಸಿರಿಗೆ.

“ಗಾಜು ಒಡೆದಿದ್ಯಾ?”

“ಇಲ್ಲ.”

“ಅಷ್ಟು ಮಳೆ ಬಂದ್ಮೇಲೂ?”

“ಬಂದ್ಮೇಲೂ.”

ಕಣಿವೆ ಕಡೆ ನೋಡಿದರು. “ನಿನ್ನೆ ಕೋಳಿಗೂಡಿಗೆ ಹೋಗಿದ್ದೆ. ಕಿಟಕಿಗೆ ರಟ್ಟು ಹೊಡೆದಿದೆ. ಗಾಜು ಎಲ್ಲೋ ಅಂತ ಕೇಳ್ದೆ. ಹಂದಿ ಒಡೀತು ಅಂತಾನೆ. ಹಂದಿ ಬಂದು ಕಿಟಕಿ ಗಾಜನ್ನ ಮೊಳೆ ಸಮೇತ ನೀಟಾಗಿ ಬಿಚ್ಕೊಂಡು ಹೋಯ್ತಂತೆ.”

ಆಕೆಯ ಭಾರಕ್ಕೆ ಸೈಕಲ್ ವಾಲದ ಹಾಗೆ ಹಿಡಿದುಕೊಂಡೆ.

“ಸಿಟ್ಟು ಹೋಗಿಲ್ಲ ನನಗೆ. ಇನ್ನೊಂದು ಕೇಳ್ತೀನಿ, ನಿಜ ಹೇಳು. ನೀನು ಇದನ್ನ ಮುಚ್ಚಿದ್ದು ಗುಡ್ಡದ ಭಯಕ್ಕಾ, ಕಾರಿನ ಭಯಕ್ಕಾ? ಬ್ರೆಡ್ಡಿನವನು ಹೇಳಿದಾನೆ, ನೀನು ಗೋಡೆಗೆ ಅಂಟ್ಕೊಂಡು ನಿಂತಿದ್ದು.”

“ಎರಡಕ್ಕೂ ಡೆಲ್ಫೀನಾ. ಯಾವುದು ಎಷ್ಟು ಅಂತ ನನಗೇ ಗೊತ್ತಿಲ್ಲ.”

ಯಾರಿಗೂ ಹೇಳಿರಲಿಲ್ಲ. ಅತ್ತುಬಿಟ್ಟೆ ಅನಿಸುತ್ತದೆ. ಆಕೆ ಸಮಾಧಾನ ಏನೂ ಮಾಡಲಿಲ್ಲ. ಸ್ಯಾಡಲ್ ಮೇಲೆ ಭಾರ ಹಾಕಿ ಮತ್ತೆ ಹೆಜ್ಜೆ ಇಟ್ಟರು. ಆಂಬುಲೆನ್ಸಿಗೆ ಹತ್ತುವಾಗ ಮಾತ್ರ, “ಒಂದೂಕಾಲಿಗೆ ವಾಪಸ್ ಬರ್ತೀನಿ. ಆವಾಗ ಕಾಲಲ್ಲಿ ಇಷ್ಟೂ ಶಕ್ತಿ ಇರಲ್ಲ. ಇಲ್ಲಿರು.” ಆಮೇಲೆ, “ಮಂಗಳವಾರಾನೂ. ಗುರುವಾರಾನೂ.”

ಗಾಡಿ ಇಳಿದು ಹೋಯಿತು. ಆಪೆಯೂ ಹೋಯಿತು. ಒಂದೂಕಾಲಿನವರೆಗೆ ರಸ್ತೆಯಲ್ಲಿ ಯಾರೂ ಇಲ್ಲ, ಮೇಲೂ ಇಲ್ಲ, ಕೆಳಗೂ ಇಲ್ಲ. ಇಷ್ಟಕ್ಕಾಗಿಯೇ ಫೆಬ್ರವರಿಯಲ್ಲಿ ಆ ವರದಿ ಬರೆದೆ. ಹತ್ತು ಸಲ ಎದ್ದು ಸೈಕಲ್ ಮುಟ್ಟಿದೆ. ಮೊಂಟಾರ್ಸೊಗೆ ಹೋಗಿ ಬರಲು ನಲವತ್ತು ನಿಮಿಷ ಸಾಕು, ಆದರೆ ಅಷ್ಟರಲ್ಲಿ ಆಕೆ ಬೇಗ ಬಂದುಬಿಟ್ಟರೆ, ನಾನು ಇಲ್ಲದೆ ಇದನ್ನು ಒಬ್ಬರೇ ದಾಟಲು ಹೊರಟರೆ? ಸೈಕಲ್ಲನ್ನು ಗೋಡೆಗೆ ಒರಗಿಸಿ ಮತ್ತೆ ಕಲ್ಲಿನ ಮೇಲೆ ಕೂತೆ.